ಎನ್ನಿನ ತಲೆಯ ಮೇಲೊಂದು ಅಲೆಗೆರೆ

ಮಧ್ಯಯುಗದ ಸ್ಪೇನಿನಲ್ಲಿ ಚರ್ಮಪತ್ರ ದುಬಾರಿ ವಸ್ತು. ದೊಡ್ಡದೊಂದು ಗ್ರಂಥವಾಗಬೇಕಾದರೆ ಕುರಿಮಂದೆಯೇ ಬಲಿಯಾಗಬೇಕು. ಹಾಗಾಗಿ ಹೆಬ್ಬಾತಿನ ಗರಿ ಹಿಡಿದು ಕುಳಿತ ಲಿಪಿಕಾರ ಅಕ್ಷರಕ್ಷರಕ್ಕೂ ಜಿಪುಣನಾಗಿದ್ದ. ಸಾಲು ಅಂಚಿಗೆ ಬಂತು, ವರ್ಷ ಎಂಬರ್ಥದ ಲ್ಯಾಟಿನ್ ಮಾತು 'ಆನ್ನುಸ್' ಎದುರಾಯಿತು ಅನ್ನಿ. ಅದರಲ್ಲಿ ಎನ್ ಎರಡು. ಒಂದನ್ನು ಬರೆದ, ಇನ್ನೊಂದನ್ನು ನುಂಗಿದ, ನುಂಗಿದ್ದರ ಗುರುತಿಗೆ ಮೇಲೊಂದು ಗೆರೆ ಎಳೆದ. ಅನುನಾಸಿಕದ ಜಾಗದಲ್ಲಿ ಸೊನ್ನೆಯಿಟ್ಟು ಮುಂದೆ ಸಾಗುವ ನಮ್ಮ ಬರಹದ್ದೂ ಇದೇ ಜಾಣತನವಲ್ಲವೇ!

ಇತ್ತ ಜನರ ಬಾಯಲ್ಲಿ ಆ ಜೋಡಿ ಎನ್ ಮೆತ್ತಗಾಗುತ್ತ ಬಂದು, ನಾಲಿಗೆ ಅಂಗುಳಿಗೆ ಒತ್ತಿ, ನಮ್ಮ 'ಞ'ಕ್ಕೆ ಹತ್ತಿರದ ಸದ್ದಾಯಿತು. ಆನ್ನುಸ್ 'ಆನ್ಯೊ' ಆಯಿತು. ಮುಷ್ಟಿ ಎಂಬರ್ಥದ ಪುಗ್ನುಸ್ 'ಪುನ್ಯೊ' ಆಯಿತು, ಹಿಸ್ಪಾನಿಯಾ 'ಎಸ್ಪಾನ್ಯ' ಆಯಿತು. ಬೇರೆ ಬೇರೆ ದಾರಿ ಹಿಡಿದು ಬಂದ ಈ ಸದ್ದಿಗೆ ಲ್ಯಾಟಿನ್ ಲಿಪಿಯಲ್ಲಿ ಮನೆಯೇ ಇರಲಿಲ್ಲ. ಇಟಲಿಯವರೂ ಫ್ರೆಂಚರೂ ಜಿ-ಎನ್ ಜೋಡಿಸಿದರು, ಕತಲಾನರು ಎನ್-ವೈ, ಪೋರ್ಚುಗೀಸರು ಎನ್-ಎಚ್. ಪೋರ್ಚುಗೀಸರ ಜೋಡಿ ಪಾದ್ರಿಗಳ ಜೊತೆ ಹಡಗೇರಿ ವಿಯೆಟ್ನಾಮಿಗೂ ಹೋಯಿತು. 1651ರಲ್ಲಿ ರೋಮಿನಲ್ಲಿ ಅಚ್ಚಾದ ಅಲೆಕ್ಸಾಂಡ್ರ್ ದ ರೋಡ್ಸ್‌ನ ನಿಘಂಟಿನ ಹಿಂದೆಯೇ ಅಲ್ಲಿ ಬೇರೂರಿತು. ಸ್ಪೇನಿನ ಕ್ಯಾಸ್ಟೀಲ್ ರಾಜ್ಯದವರು ಮಾತ್ರ ಲಿಪಿಕಾರನ ಗೆರೆಯನ್ನೇ ನಂಬಿದರು.

ಆ ರಾಜ್ಯವನ್ನು 1252ರಿಂದ 1284ರವರೆಗೆ ಆಳಿದ ಹತ್ತನೆಯ ಅಲ್ಫಾನ್ಸೊಗೆ 'ಪಂಡಿತ ರಾಜ' ಎಂಬ ಬಿರುದು. ಯುದ್ಧ, ರಾಜಕಾರಣಗಳಲ್ಲಿ ಅವನು ಸೋತದ್ದೇ ಹೆಚ್ಚು, ಗೆದ್ದದ್ದು ಬರಹದಲ್ಲಿ. ಕಾನೂನು, ಖಗೋಳ, ಚರಿತ್ರೆಗಳನ್ನೆಲ್ಲ ಅವನು ಲ್ಯಾಟಿನ್ ಬಿಟ್ಟು ಆಡುನುಡಿಯಲ್ಲಿ ಬರೆಯಿಸಿದ. ಅವನ ಸ್ಪೇನ್ ಚರಿತ್ರೆಯ ಹೆಸರಿನಲ್ಲಿಯೇ ಈ ಸದ್ದಿದೆ. ಅರಮನೆ ಒಪ್ಪಿದ ಕಾಗುಣಿತ ನಾಡಿಗೆಲ್ಲ ಮಾದರಿಯಾಯಿತು. 1492ರಲ್ಲಿ ಆಂಟೋನಿಯೊ ದೆ ನೆಬ್ರಿಹಾ ಕ್ಯಾಸ್ಟೀಲಿಯನ್ ಭಾಷೆಯ ವ್ಯಾಕರಣವನ್ನು ಅಚ್ಚು ಹಾಕಿಸಿದ. ಅದೇ ವರ್ಷ ಕೊಲಂಬಸನ ಹಡಗುಗಳು ಪಡುವಲಿಗೆ ಹೊರಟವು.

ಹಡಗು ಮುಟ್ಟಿದಲ್ಲೆಲ್ಲ ಗೆರೆ ಹೊತ್ತ ಎನ್, ಅಂದರೆ 'ಎನ್ಯೆ' (ñ) ಎಂಬ ಹೆಸರಿನ ಈ ಅಕ್ಷರ ಇಳಿಯಿತು. ಆಂಡೀಸ್ ಬೆಟ್ಟಗಳ ಕೆಚುವಾ, ಐಮಾರ, ಪರಾಗ್ವೆಯ ಗ್ವಾರಾನಿ ಅದನ್ನು ಬಳಸಿದವು. ಫಿಲಿಪೀನ್ಸಿನ ವರ್ಣಮಾಲೆಯಲ್ಲಿ ಅದಕ್ಕೆ ಇಂದಿಗೂ ಜಾಗವಿದೆ. ಫ್ರಾನ್ಸಿನ ಬ್ರೆಟನ್ ಭಾಷೆಯಲ್ಲಿ ಕಥೆಯೇ ಬೇರೆ. ಅಲ್ಲಿ ಅದು ಹಿಂದಿನ ಸ್ವರವನ್ನು ಮೂಗಿನಿಂದ ನುಡಿ ಎನ್ನುವ ಸೂಚನೆ.

ಸಾಮ್ರಾಜ್ಯ ಮುಳುಗಿದರೂ ಅಕ್ಷರದ ಪಾಲಿಗೆ ಗಂಡಾಂತರವೊಂದು ಉಳಿದಿತ್ತು. ಎನ್ಯೆ ಇಲ್ಲದ ಕಂಪ್ಯೂಟರುಗಳನ್ನು ಮಾರಕೂಡದೆಂಬ ಸ್ಪೇನಿನ ನಿಯಮ ಮುಕ್ತ ವ್ಯಾಪಾರಕ್ಕೆ ಅಡ್ಡಿಯೆಂದು 1991ರಲ್ಲಿ ಯುರೋಪಿಯನ್ ಸಮುದಾಯ ತಕರಾರು ತೆಗೆಯಿತು. ಕೊಲಂಬಿಯದ ಕಾದಂಬರಿಕಾರ ಗಾರ್ಸಿಯಾ ಮಾರ್ಕೆಸ್ ಕೂಡ ಅಕ್ಷರದ ಪರ ದನಿಯೆತ್ತಿದ. ಸ್ಪೇನಿನವರು ಸಿಡುಕಿದ್ದರಲ್ಲಿ ಅತಿಯೇನಿಲ್ಲ: ಗೆರೆ ಬಿದ್ದುಹೋದರೆ ವರ್ಷವೆಂಬ ಮಾತಿಗೆ ಗುದದ್ವಾರ ಎಂಬ ಅರ್ಥ ಬರುತ್ತದೆ! 1993ರ ಏಪ್ರಿಲ್‌ನಲ್ಲಿ ಹೊರಟ ರಾಜಾಜ್ಞೆ, ಯುರೋಪಿನ ದೇಶಗಳ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿದ್ದ ಸಂಸ್ಕೃತಿ ರಕ್ಷಣೆಯ ಮಾತನ್ನು ಮುಂದಿಟ್ಟು, ಎನ್ಯೆಯನ್ನು ಕೀಲಿಮಣೆಯಲ್ಲಿ ಉಳಿಸಿತು.

ಸಂಸ್ಕೃತವನ್ನು ರೋಮನ್ ಲಿಪಿಗಿಳಿಸುವ ವಿದ್ವಾಂಸರ ಪದ್ಧತಿಯಲ್ಲಿ 'ಞ'ಕ್ಕೆ ಇರುವುದೂ ಇದೇ ಅಕ್ಷರ. 'ಜ್ಞಾನ' ಎಂದು ಅಲ್ಲಿ ಬರೆಯಬೇಕಾದರೆ ಆ ಲಿಪಿಕಾರ ಎಳೆದ ಗೆರೆ ಬೇಕೇ ಬೇಕು.