ಅಡಿಯಾಬ್ಯಾಟಿಕ್ ಪ್ರಕ್ರಿಯೆ

ಹೊರಗಿನ ಶಾಖ ಒಳಬರದೆ, ಒಳಗಿನದು ಹೊರಹೋಗದೆ ನಡೆಯುವ ಬದಲಾವಣೆಯೇ ಉಷ್ಣಬಲವಿಜ್ಞಾನದ ಅಡಿಯಾಬ್ಯಾಟಿಕ್ ಪ್ರಕ್ರಿಯೆ. ಶಾಖ ಸಾಗದಿದ್ದರೆ ಉಷ್ಣತೆಯೂ ಬದಲಾಗದು ಎಂದು ಭಾವಿಸಿ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಅನಿಲವನ್ನು ಒತ್ತಿದರೆ ಒತ್ತುವ ಶ್ರಮವೇ ಅದರ ಒಳಶಕ್ತಿಗೆ ಸೇರಿ ಅದು ಕಾಯುತ್ತದೆ. ಹಿಗ್ಗಿದರೆ ತನ್ನದೇ ಶಕ್ತಿ ವ್ಯಯಿಸಿ ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ಬೆರಳಿಗೆ ತಂಪು ತಾಗುವುದು ಇದರಿಂದಲೇ.

ಈ ಅರಿವಿಗೆ ದಾರಿ ಮಾಡಿದ್ದು ಶಬ್ದ. 1687ರ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಲೆಕ್ಕಹಾಕಿದ ಶಬ್ದದ ವೇಗ ನಿಜವಾದ ವೇಗಕ್ಕಿಂತ ಸುಮಾರು 15% ಕಡಿಮೆಯಿತ್ತು. ಗಾಳಿ ಒತ್ತಿಹೋದರೂ ಅದರ ಉಷ್ಣತೆ ಬದಲಾಗದೆಂದೇ ಅವರ ಲೆಕ್ಕ ನಡೆದಿತ್ತು. ಅಲೆ ಹಾಯುವಾಗ ಶಾಖ ಹರಿದುಹೋಗಲು ಪುರುಸೊತ್ತೇ ಇಲ್ಲವೆಂದು 1816ರಲ್ಲಿ ಲಾಪ್ಲಾಸ್ ಆ ಅಂತರವನ್ನು ತುಂಬಿದರು. 1823ರಲ್ಲಿ ಪ್ವಾಸೋನ್ ಇಂಥ ಬದಲಾವಣೆಯ ಒತ್ತಡ–ಗಾತ್ರಗಳ ಸೂತ್ರ ಕೊಟ್ಟರು. 1824ರಲ್ಲಿ ಕಾರ್ನೋ ಅದೇ ಬಗೆಯ ಹಂತಗಳನ್ನು ತಮ್ಮ ಆದರ್ಶ ಯಂತ್ರದಲ್ಲಿ ಜೋಡಿಸಿದರು. ಶಾಖವೊಂದು ದ್ರವವೆಂದು ನಂಬಿದ್ದ ಕಾಲದಲ್ಲೇ ಇಷ್ಟು ಸರಿಯಾದ ಫಲ ಸಿಕ್ಕಿದ್ದು ಸೋಜಿಗ. ಇಂದಿನ ಹೆಸರನ್ನು ಬಳಕೆಗೆ ತಂದವರು ಸ್ಕಾಟ್ಲೆಂಡಿನ ರಾಂಕಿನ್, 1859ರಲ್ಲಿ.

ಆಲ್ಪ್ಸ್ ಇಳಿದುಬರುವ ಬಿಸಿ ಗಾಳಿಯನ್ನು 1866ರಲ್ಲಿ ಯೂಲಿಯಸ್ ಹಾನ್ ಇದೇ ನಿಯಮದಿಂದ ವಿವರಿಸಿದರು.

ಅಶೋಕನ ಶಾಸನವಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಕುರುಚಲು ಬಯಲಿಗೂ ಆ ವಿವರಣೆ ಒಗ್ಗುತ್ತದೆ. ಮುಂಗಾರಿನ ಗಾಳಿ ಪಶ್ಚಿಮಘಟ್ಟ ಏರುತ್ತ ಹಿಗ್ಗಿ ತಣಿಯುತ್ತದೆ. ಆವಿ ಹನಿಗಟ್ಟುವಾಗ ಬಿಟ್ಟುಕೊಟ್ಟ ಶಾಖ ಗಾಳಿಯಲ್ಲೇ ಉಳಿಯುವುದರಿಂದ ಅಲ್ಲಿಂದಾಚೆ ತಣಿಯುವ ವೇಗ ತಗ್ಗುತ್ತದೆ. ಘಟ್ಟದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ನೀರು ಕಳೆದುಕೊಂಡ ಗಾಳಿ ಪೂರ್ವಕ್ಕೆ ಇಳಿಯುವಾಗ ಮಾತ್ರ ಪ್ರತಿ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿಯಂತೆ ಕಾಯುತ್ತ ಹೋಗುತ್ತದೆ. ಕಾದಷ್ಟೂ ಮೋಡ ಕರಗುತ್ತದೆ. ಮೊಳಕಾಲ್ಮೂರಿನ ನೆರೆಯ ಚಳ್ಳಕೆರೆ ಸೀಮೆಗೆ ದಕ್ಕುವುದು 500 ಮಿ.ಮೀ. ಆಸುಪಾಸು. ದಾರಿಯಲ್ಲಿ ನೆಲದ ಕಾವೂ ಬೇರೆ ಗಾಳಿಯೂ ಬೆರೆಯುವುದರಿಂದ ಇದು ಅಪ್ಪಟ ಅಡಿಯಾಬ್ಯಾಟಿಕ್ ಅಲ್ಲ, ಆದರೂ ಬರದಲ್ಲಿ ಅದರ ಪಾಲು ದೊಡ್ಡದು.

ಆ ಒಣ ನೆಲದ ಮುಖ್ಯ ಬೆಳೆ ಶೇಂಗಾ. ಚಳ್ಳಕೆರೆಗೆ ಎಣ್ಣೆಗಿರಣಿಗಳ ಊರೆಂಬ ಹೆಸರು ತಂದಿದ್ದೂ ಅದೇ. ಅಡಿಯಾಬ್ಯಾಟಿಕ್ ನಿಯಮವನ್ನೇ ನೆಚ್ಚಿದ ಡೀಸೆಲ್ ಎಂಜಿನ್ನಿನ ಚರಿತ್ರೆಯಲ್ಲೂ ಶೇಂಗಾ ಎಣ್ಣೆಗೊಂದು ಜಾಗವಿದೆ. ಆ ಎಂಜಿನ್ನಿಗೆ ಕಿಡಿ ಬೇಡ: ಸಿಲಿಂಡರಿನೊಳಗಿನ ಗಾಳಿಯನ್ನು ಒಮ್ಮೆಗೇ ಒತ್ತಿ 500 ಡಿಗ್ರಿ ದಾಟಿಸಿದರೆ, ಸಿಂಪಡಿಸಿದ ಇಂಧನ ತಾನಾಗಿ ಹೊತ್ತಿಕೊಳ್ಳುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥದೊಂದು ಎಂಜಿನ್ ಶೇಂಗಾ ಎಣ್ಣೆಯಿಂದಲೇ ಓಡಿತ್ತು.