ಕಲ್ಯಾಣದ ಕಾಲ್ಮರಿಯಿಂದ ಟ್ರೆಕ್ಕಿಂಗ್ ಶೂವರೆಗೆ

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಗುಡ್ಡಗಳಲ್ಲಿ ಹಿಮವೂ ಇಲ್ಲ, ಮಲೆನಾಡಿನ ಜಿಗಣೆಯೂ ಇಲ್ಲ. ಮೇಲೆ ಜಂಬಿಟ್ಟಿಗೆ ಕಲ್ಲು, ಇಳಿಜಾರಿನಲ್ಲಿ ಕಾಲು ಜಾರಿಸುವ ಗರಸು, ಕೆಳಗೆ ಎರೆಭೂಮಿ, ಎಲ್ಲೆಡೆ ಜಾಲಿಮುಳ್ಳು. ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂಥ ನೆಲದಲ್ಲಿ ಏನು ತೊಡಬೇಕು, ಏನು ಹೊರಬೇಕು ಎಂಬ ಯೋಚನೆ ಇಲ್ಲಿ ಹೊಸತೇನಲ್ಲ.

ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) ‘ಮಾನಸೋಲ್ಲಾಸ’ದಲ್ಲಿ ಪಾದುಕೆ, ವಸ್ತ್ರ, ಪಾನೀಯ, ಛತ್ರ ಎಲ್ಲಕ್ಕೂ ಜಾಗವಿದೆ. ಬೇಸಗೆಗೆ ತೆಳುವಾದ ಬಿಳಿ ಬಟ್ಟೆ, ಚಳಿಗೆ ಉಣ್ಣೆ. ಅರಮನೆಯ ಭೋಗದ ಮಾತು ಅದು, ನಿಜ. ಆದರೆ ಹವೆ ನೋಡಿ ಉಡುವ ವಿವೇಕ ಅದರಲ್ಲಿದೆ. ಅದೇ ಶತಮಾನದಲ್ಲಿ, ಅದೇ ಊರಿನಲ್ಲಿ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಕಾಲ್ಮರಿ ಮಾಡಿಕೊಟ್ಟರೆಂಬ ಕಥೆ ಎಲ್ಲರಿಗೂ ಗೊತ್ತು. ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡ.

ಕಾಡುಮೇಡು ಅಲೆಯುವವರ ಉಡುಗೆ ಹದಕ್ಕೆ ಬಂದದ್ದು ಮಾತ್ರ ಕುರಿಗಾರರ ಕೈಯಲ್ಲಿ. ದಖನಿ ಕುರಿಯ ಒರಟು ಉಣ್ಣೆಯ ಕರಿಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ರಾತ್ರಿಗೆ ಹಾಸಿಗೆ. ಉಣ್ಣೆ ಒಂದಷ್ಟು ತೇವ ಹೀರಿಕೊಂಡರೂ ಮೈಗೆ ಥಂಡಿ ತಟ್ಟಗೊಡುವುದಿಲ್ಲ. ಗುಂಗುರು ಎಳೆಗಳ ನಡುವೆ ಸಿಕ್ಕ ಗಾಳಿ ಬಿಸುಪನ್ನು ಹಿಡಿದಿಡುತ್ತದೆ. ಭಾರವೇ ಅದರ ದೋಷ. ಪೂರ್ತಿ ನೆನೆದ ಕಂಬಳಿ ಹೊತ್ತು ಗುಡ್ಡ ಹತ್ತುವುದು ಶಿಕ್ಷೆ. ಕಾಲಿಗೆ ದಪ್ಪ ತೊಗಲಿನ ಕೆರ, ಲಾರಿಗಳ ಕಾಲದಲ್ಲಿ ಹಳೇ ಟೈರು ಕೊಯ್ದು ಮಾಡಿದ ಚಪ್ಪಲಿ. ಜಾಲಿಮುಳ್ಳು ಆ ಟೈರಿನಲ್ಲೇ ಮುರಿದು ಕೂರುತ್ತದೆ, ಅಂಗಾಲು ಮುಟ್ಟುವುದು ಅಪರೂಪ. ಮುಟ್ಟಿದರೆ ಕೀಳಲು ಚಿಮಟಿಗೆ ಜೊತೆಗಿರುತ್ತದೆ. ತಲೆಗೆ ರುಮಾಲು, ಕೈಯಲ್ಲಿ ಕೋಲು, ಹೆಗಲಲ್ಲಿ ರೊಟ್ಟಿ–ಶೇಂಗಾಹಿಂಡಿಯ ಬುತ್ತಿ, ನೀರಿಗೆ ಸೋರೆಬುರುಡೆ. ಇಂದಿನ ಟ್ರೆಕ್ಕಿಂಗ್ ಪಟ್ಟಿಯಲ್ಲಿ ಇದಕ್ಕಿಂತ ಹೆಚ್ಚಿನದು ಏನಿದೆ?

ಆ ಪಟ್ಟಿ ಬಹುಪಾಲು ತಯಾರಾದದ್ದು ಹಿಮದ ಸೀಮೆಯಲ್ಲಿ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಆರು ಮಂದಿ ಸಂಗಡಿಗರು ಸತ್ತ ಬಳಿಕ ಇಟಲಿಯ ವಿಟಾಲೆ ಬ್ರಮಾನಿ ಹಲ್ಲುಹಲ್ಲಾದ ರಬ್ಬರ್ ಅಟ್ಟೆ ರೂಪಿಸಿದ. ‘ವೈಬ್ರಮ್’ ಅವನ ಹೆಸರಿನಿಂದಲೇ ಬಂದದ್ದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಕಂಡುಕೊಂಡ ಪೊರೆಯಿಂದ ಮಳೆಹನಿ ಒಳಬಿಡದ, ಬೆವರಿನ ಆವಿ ಹೊರಬಿಡುವ ‘ಗೋರ್‌ಟೆಕ್ಸ್’ ಬಟ್ಟೆ ಬಂತು. ಆಮೇಲೆ ಬೆಂಗಳೂರಿನಲ್ಲೇ ಹುಟ್ಟಿದ ವೈಲ್ಡ್‌ಕ್ರಾಫ್ಟ್ ಚೀಲಗಳು, 2009ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಡೆಕಾಥ್ಲಾನ್. ಈಗ ಫೋನಿನಲ್ಲಿ ಆರ್ಡರ್ ಮಾಡಿದರೆ ಹುಮನಾಬಾದಿನ ಮನೆಬಾಗಿಲಿಗೇ ಶೂ ಬರುತ್ತದೆ.

ಸರಕಿನ ಜೊತೆ ಉಪದೇಶವೂ ಬರುವುದೇ ತೊಡಕು. ಹತ್ತಿಬಟ್ಟೆ ತೊಡಬೇಡಿ ಎನ್ನುವುದು ಅದರಲ್ಲಿ ಮೊದಲನೆಯದು. ಚಳಿಮಳೆಯ ಬೆಟ್ಟದಲ್ಲಿ ಆ ಮಾತು ಸರಿ. ನೆನೆದ ಹತ್ತಿ ಮೈಯ ಬಿಸಿಯನ್ನೆಲ್ಲ ಸೆಳೆದುಬಿಡುತ್ತದೆ. ನಮ್ಮ ಒಣ ಬಿಸಿಲಿನಲ್ಲಿ ಬೇಕಾದದ್ದು ಆ ತಂಪೇ. ಸಡಿಲವಾದ, ತುಂಬುತೋಳಿನ ಹತ್ತಿ ಅಂಗಿಗೆ ಏಪ್ರಿಲ್‌ನಲ್ಲಿ ಸಾಟಿಯಿಲ್ಲ. ಆಳವಾದ ಹಲ್ಲಿನ ಶೂ ಗರಸಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ, ನೆನೆದ ಎರೆಮಣ್ಣಿನಲ್ಲಿ ಹತ್ತು ಹೆಜ್ಜೆಗೆ ಹೆಂಟೆಯಾಗುತ್ತದೆ. ಮೆತ್ತನೆಯ ಫೋಮ್ ಅಟ್ಟೆಯ ಓಟದ ಶೂ ಅಂತೂ ಜಾಲಿಗೆ ಬಲಿ. ಪಕ್ಕದ ಚಿಂಚೋಳಿ ಕಾಡಿಗೆ ಮಳೆಗಾಲದಲ್ಲಿ ಹೋಗುವವರು ಹಗುರ ರೇನ್‌ಕೋಟ್ ಇಟ್ಟುಕೊಳ್ಳಲಿ. ಆದರೆ ಸಿಡಿಲಿಗೆ ಯಾವ ಕೋಟೂ ತಡೆಯಲ್ಲ. ಗುಡುಗು ಕೇಳಿದೊಡನೆ ಬಯಲಗುಡ್ಡದ ನೆತ್ತಿಯಿಂದ ಇಳಿದುಬಿಡಬೇಕು, ಒಂಟಿಮರದಡಿ ನಿಲ್ಲಬಾರದು.

ಇಷ್ಟಾಗಿ ಈ ಭಾಗದಲ್ಲಿ ಅತಿ ಹೆಚ್ಚು ನಡೆಯುವವರು ಟ್ರೆಕ್ಕಿಂಗಿನವರಲ್ಲ. ಸೀಗಿ ಹುಣ್ಣಿಮೆ ಹೊತ್ತಿಗೆ ಬಾಲಾಘಾಟ್ ಗುಡ್ಡದ ತುಳಜಾಪುರದ ಅಂಬಾಭವಾನಿಗೆ ಪಾದಯಾತ್ರೆ ಹೋಗುವವರು. ಹುಮನಾಬಾದಿನಿಂದ ಉಮರ್ಗಾ, ನಳದುರ್ಗದ ಕಡೆಗೆ ಹೆದ್ದಾರಿಯಂಚಿನಲ್ಲೇ ನಡಿಗೆ. ಹಲವರು ಬರಿಗಾಲು, ಬಿಸಿಲು ತಪ್ಪಿಸಲು ರಾತ್ರಿ ಪಯಣ. ಹರಕೆಯ ಬರಿಗಾಲಿಗೆ ಶೂ ತೊಡಿಸಲು ಹೊರಡುವುದು ದಡ್ಡತನ. ಅವರಿಗೆ ಮುಳ್ಳಿಗಿಂತ ಲಾರಿಯ ಭಯ ಹೆಚ್ಚು. ಕರಿ ಕಂಬಳಿಯಾಗಲಿ ಕಪ್ಪು ಜಾಕೆಟ್ಟಾಗಲಿ ಕತ್ತಲಲ್ಲಿ ಡ್ರೈವರನ ಕಣ್ಣಿಗೆ ಬೀಳುವುದಿಲ್ಲ. ಬೆನ್ನಚೀಲಕ್ಕೂ ಕೋಲಿಗೂ ಹೊಳೆಯುವ ರೇಡಿಯಂ ಪಟ್ಟಿ, ಗುಂಪಿನ ಹಿಂದೆ ಮುಂದೆ ಒಂದೊಂದು ಟಾರ್ಚು, ಎದುರು ವಾಹನ ಕಾಣುವಂತೆ ರಸ್ತೆಯ ಬಲಬದಿಯ ನಡಿಗೆ: ದುಬಾರಿ ಶೂ ಕೊಳ್ಳುವ ಮೊದಲು ಈ ಖರ್ಚು ಮಾಡಬೇಕು.