ಸೀಸದ ನಳ, ಸೋರುವ ಜಾಯಿಂಟು

ನಳದ ಕೆಲಸ ಮಾಡುವವರಿಗೆ ನಾವೆಲ್ಲ ಪ್ಲಂಬರ್ ಅಂತೀವಿ. ಈ ಶಬ್ದದ ಬೇರು ಲ್ಯಾಟಿನ್ ಭಾಷೆಯ ‘ಪ್ಲಂಬಮ್’. ಹಾಗಂದರೆ ಸೀಸ. ಪ್ಲಂಬರ್ ಎಂದರೆ ಮೂಲದಲ್ಲಿ ಸೀಸದ ಕೆಲಸಗಾರ. ಎರಡು ಸಾವಿರ ವರ್ಷ ಈ ಲೋಹ ಮನೆಯ ನೀರಿನ ಜೊತೆಗೇ ಬಂದಿದೆ. ನಾನು ಪೇಟೆಯ ನೀರಿನ ಕೆಲಸದಲ್ಲಿ ಬಹಳ ವರ್ಷ ಬೀಡಿನ ಪೈಪುಗಳಿಗೆ ಸೀಸ ಕಾಯಿಸಿ ಹೊಯ್ದವನು. ಈ ಲೋಹದ ಕಥೆ ನಮ್ಮ ವಾಚನಾಲಯದ ಓದುಗರಿಗೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ರೋಮನ್ನರು ಸೀಸವನ್ನು ಹಾಳೆಯಾಗಿ ಎರಕ ಹೊಯ್ದು, ಗುಂಡನೆಯ ಕೋಲಿನ ಸುತ್ತ ಬಗ್ಗಿಸಿ, ಅಂಚು ಕೂಡಿಸಿ ಬೆಸೆಯುತ್ತಿದ್ದರು. ಅಂಥ ಪೈಪು ಹತ್ತು ರೋಮನ್ ಅಡಿಗಿಂತ ಗಿಡ್ಡ ಇರಬಾರದು ಎಂದು ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿಟ್ಟಿದ್ದಾನೆ. ಆದರೆ ಅದೇ ಗ್ರಂಥದಲ್ಲಿ ಅವನು ಸೀಸಕ್ಕಿಂತ ಸುಟ್ಟ ಮಣ್ಣಿನ ನಳವೇ ಒಳ್ಳೆಯದು ಅನ್ನುತ್ತಾನೆ. ಅದಕ್ಕೆ ಎರಡು ಕಾರಣ ಕೊಡುತ್ತಾನೆ. ಮಣ್ಣಿನ ನಳ ಕೆಟ್ಟರೆ ಯಾರು ಬೇಕಾದರೂ ರಿಪೇರಿ ಮಾಡಬಹುದು. ಅದರ ನೀರು ಮೈಗೂ ಒಳ್ಳೆಯದು. ಸೀಸ ಕರಗಿಸುವವರ ಮೈಬಣ್ಣ ಬಿಳಿಚಿಕೊಂಡದ್ದನ್ನು ಅವನು ಇದಕ್ಕೆ ಸಾಕ್ಷಿ ಹೇಳುತ್ತಾನೆ. ಇಷ್ಟು ತಿಳಿದಿದ್ದರೂ ಜನ ಸೀಸ ಬಿಡಲಿಲ್ಲ. ಅದು ಬೇಕಾದ ಹಾಗೆ ಬಗ್ಗುತ್ತದೆ, ಕಬ್ಬಿಣದಂತೆ ತುಕ್ಕು ಹಿಡಿಯೂದಿಲ್ಲ, 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಇಂಥ ಮಾತು ಕೇಳುವ ಲೋಹವನ್ನು ಕೆಲಸಗಾರ ಸುಮ್ಮನೆ ಬಿಟ್ಟಾನೆಯೇ?

19ನೆಯ ಶತಮಾನದಲ್ಲಿ ಬ್ರಿಟನ್ನಿನ ಪೇಟೆಗಳಲ್ಲಿ ಬೀದಿಯ ದೊಡ್ಡ ಪೈಪು ಬೀಡಿನದು, ಅಲ್ಲಿಂದ ಮನೆಗೆ ಬರುವ ಸಣ್ಣ ನಳ ಬಹಳ ಕಡೆ ಸೀಸದ್ದು. ಆ ನಳಕ್ಕೆ ಜಾಯಿಂಟು ಹಾಕುವುದೇ ಒಂದು ವಿದ್ಯೆ. ಒಂದು ತುದಿಯನ್ನು ಕಟ್ಟಿಗೆಯ ಬುಗುರಿಯಂಥ ಗೂಟದಿಂದ ಅಗಲಿಸಿ, ಇನ್ನೊಂದನ್ನು ಹೆರೆದು ಅದರೊಳಗೆ ಕೂಡ್ರಿಸಬೇಕು. ಬೆಸುಗೆ ಬೇಡವಾದ ಕಡೆ ಕಾಡಿಗೆ ಮತ್ತು ಅಂಟು ಕಲಸಿ ಬಳಿಯಬೇಕು, ಹೆರೆದ ಕಡೆ ಪ್ರಾಣಿಯ ಕೊಬ್ಬು ಹಚ್ಚಬೇಕು. ಬೆಸುಗೆಗೆ ಸುಮಾರು ಎರಡು ಪಾಲು ಸೀಸ, ಒಂದು ಪಾಲು ತವರ. ಈ ಮಿಶ್ರಣ ತಟ್ಟನೆ ಗಟ್ಟಿಯಾಗದೆ ಸ್ವಲ್ಪ ಹೊತ್ತು ಕಲಸಿದ ಹಿಟ್ಟಿನ ಹಾಗೆ ಇರುತ್ತದೆ. ಅಷ್ಟರೊಳಗೆ ದಪ್ಪ ಅರಿವೆಯಿಂದ ಒರೆಸಿ ತತ್ತಿಯ ಆಕಾರಕ್ಕೆ ತರಬೇಕು.

ನನ್ನ ತಂಗಿಯ ಮಗ ಓದಲಿಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣಕ್ಕೆ ಹೋಗಿ ಹಳೆಯ ಬಾಡಿಗೆ ಮನೆಯಲ್ಲಿ ಇದ್ದಾನೆ. ಒಂದು ದಿವಸ ಫೋನಿನಲ್ಲಿ, “ಮಾಮಾ, ಅಡಿಗಿಮನ್ಯಾಗ ನಳದ ಜಾಯಿಂಟು ತೊಟ್ಟಿಕ್ಕಲಿಕ್ಕತ್ತದ. ಪೈಪು ಸೀಸದ್ದು ಅಂತಾರ. ನೀವು ಸೀಸ ಹೊಯ್ದವರು, ನಾನು ಹ್ಯಾಂಗ ಮುಚ್ಚಲಿ ಹೇಳ್ರಿ” ಅಂದ. ಹಿಂದಿನವರ ರೀತಿ ಅವನಿಗೆ ಹೇಳಿದೆ. ಮೊದಲು ನೀರು ಕಟ್ಟಿ ನಳ ಪೂರ್ತಿ ಬರಿದು ಮಾಡಬೇಕು. ಹನಿ ಉಳಿದರೂ ಅದು ಉಗಿಯಾಗಿ ಬೆಸುಗೆ ಹಿಡಿಯಗೊಡುವುದಿಲ್ಲ, ಕಾದ ಸೀಸ ಮುಖಕ್ಕೆ ಸಿಡಿಯಬಹುದು. ನೀರು ಒಸರುವುದು ನಿಲ್ಲದಿದ್ದರೆ ಆ ಕಡೆಯ ಪ್ಲಂಬರರು ನಳದೊಳಗೆ ಬ್ರೆಡ್ಡಿನ ಉಂಡೆ ತುರುಕುತ್ತಿದ್ದರು. ಕೆಲಸ ಮುಗಿದ ಮೇಲೆ ಅದು ನೀರಿನಲ್ಲಿ ಕರಗಿ ಹೋಗುತ್ತಿತ್ತು. ಇಷ್ಟೆಲ್ಲಾ ಹೇಳಿ ಕೊನೆಗೆ, “ಆದ್ರ ನೀ ಮಾಡಬ್ಯಾಡಪ್ಪಾ. ಸೋರೂದು ನಿಂತರೂ ಆ ನೀರು ಕುಡಿಲಿಕ್ಕೆ ಬರೂದಿಲ್ಲ. ನಳಾನ ಬದಲಿ ಮಾಡಸ್ರಿ ಅಂತ ಮನಿ ಮಾಲಕರಿಗೆ ಹೇಳು” ಅಂದೆ.

ಹಾಗೆ ಹೇಳಲು ಆ ಊರಿನ ಇತಿಹಾಸವೇ ಕಾರಣ. 1859ರಲ್ಲಿ ವಿಕ್ಟೋರಿಯಾ ರಾಣಿ ಕ್ಯಾಟ್ರಿನ್ ಸರೋವರದ ನೀರನ್ನು ಗ್ಲಾಸ್ಗೋಕ್ಕೆ ಬಿಟ್ಟಳು. ಬಹಳ ಶುದ್ಧವಾದ, ಮೆದು ನೀರು. ನಮ್ಮ ಬಾವಿಯ ಗಡಸು ನೀರು ಕಾಸಿದರೆ ಪಾತ್ರೆಗೆ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಅಂಥದೇ ಹಕ್ಕಳೆ ಸೀಸದ ನಳದೊಳಗೂ ಕಟ್ಟಿ ಲೋಹವನ್ನು ಸ್ವಲ್ಪ ಮಟ್ಟಿಗೆ ಮುಚ್ಚುತ್ತದೆ. ಮೆದು ನೀರಿಗೆ ಆ ಗುಣವಿಲ್ಲ. ಅದು ಸೀಸವನ್ನೇ ಕರಗಿಸಿಕೊಂಡು ಬರುತ್ತದೆ. 1880ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಇದರಿಂದ ಜನ ಕಾಯಿಲೆ ಬಿದ್ದರು. ಗ್ಲಾಸ್ಗೋದಲ್ಲಿ ನೀರಿಗೆ ಸುಣ್ಣ ಬೆರೆಸಿ ಸರಿಪಡಿಸಲು 1970ರ ದಶಕ ಮುಗಿಯುತ್ತ ಬರಬೇಕಾಯಿತು. 2014ರಲ್ಲಿ ಅಮೆರಿಕದ ಫ್ಲಿಂಟ್ ಪಟ್ಟಣದವರು ನೀರಿನ ಮೂಲ ಬದಲಿಸಿ, ನಳ ಸವೆಯದಂತೆ ಬೆರೆಸುವ ಔಷಧ ಬೆರೆಸಲಿಲ್ಲ. ಹಳೆಯ ಸೀಸ ಮಕ್ಕಳ ರಕ್ತ ಸೇರಿತು. ಅದು ಮಕ್ಕಳ ಬುದ್ಧಿ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ಇದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ. ನೀರು ಕುದಿಸಿದರೂ ಹೋಗುವುದಿಲ್ಲ. ಜಾಯಿಂಟು ಸೋರಿದರೆ ನೆಲ ತೋಯುತ್ತದೆ, ಮನೆಯವರು ಪ್ಲಂಬರನನ್ನು ಕರೆಯುತ್ತಾರೆ. ಸೀಸ ಕರಗಿದರೆ ಯಾರನ್ನು ಕರೆಯಬೇಕು?

ನಮ್ಮ ಕಡೆ ನಾನು ಮಾಡಿದ ಕೆಲಸ ಬೇರೆ ತರಹದ್ದು. ಒಂದು ಬೀಡಿನ ಪೈಪಿನ ಬಾಯೊಳಗೆ ಇನ್ನೊಂದರ ತುದಿ ಸೇರಿಸಿ, ಸಂದಿಗೆ ಸೆಣಬಿನ ಹುರಿ ಬಡಿದು, ಹೊರಗೆ ಜೇಡಿಮಣ್ಣು ಮೆತ್ತಿದ ಹಗ್ಗ ಸುತ್ತಿ, ಮೇಲಿನಿಂದ ಕಾದ ಸೀಸ ಒಂದೇ ಸಲಕ್ಕೆ ಹೊಯ್ಯುತ್ತಿದ್ದೆವು. ಆರಿದ ಮೇಲೆ ಉಳಿಯಿಂದ ಸುತ್ತಲೂ ಬಡಿಯುತ್ತಿದ್ದೆವು. ಮುಂದೆ ಎಂದಾದರೂ ಸೋರಿದರೆ ಮತ್ತೆ ಬಡಿದರೆ ಎಷ್ಟೋ ಸಲ ನಿಲ್ಲುತ್ತಿತ್ತು. ಇಲ್ಲಿ ಸೀಸ ಒಂದು ಬಳೆಯಷ್ಟೇ. ನೀರಿಗೂ ಅದಕ್ಕೂ ನಡುವೆ ಹುರಿ ಇರುತ್ತದೆ. ಇದರಲ್ಲಿ ಅಪಾಯ ಹೆಚ್ಚು ಇದ್ದದ್ದು ಕಾಯಿಸುವವರಿಗೆ. ವಿಟ್ರೂವಿಯಸ್ ಕಂಡ ಬಿಳಿಚಿದ ಮುಖಗಳು ನಮ್ಮಂಥವರವೇ.

ಹಾಗಂತ ನಮ್ಮ ಮನೆಗಳಿಗೆ ಸೀಸದ ಭಯವಿಲ್ಲ ಅನ್ನುವಂತಿಲ್ಲ. ಹಿತ್ತಾಳೆ ಪಾತ್ರೆಗೆ ಹಾಕುವ ಕಲಾಯಿ ಶುದ್ಧ ತವರದ್ದಿರಬೇಕು. ಸೀಸ ಅಗ್ಗವೆಂದು ತವರಕ್ಕೆ ಅದನ್ನು ಬೆರೆಸುವವರಿದ್ದಾರೆ. ಶುದ್ಧ ತವರದ ಕಡ್ಡಿ ಬಗ್ಗಿಸಿದರೆ ಕಿರ್ರ್ ಅನ್ನುತ್ತದೆ, ಸೀಸ ಸದ್ದಿಲ್ಲದೆ ಬಗ್ಗುತ್ತದೆ. ಕಲಾಯಿಯವರು ಬಂದಾಗ ಕಡ್ಡಿ ಬಗ್ಗಿಸಿ ತೋರಿಸಲು ಹೇಳಿ. ಇನ್ನು ಈಗಿನ ಪಿವಿಸಿ ಪೈಪು. ಅದನ್ನು ತಯಾರಿಸುವಾಗ ಶಾಖಕ್ಕೆ ಕೆಡದಿರಲಿ ಎಂದು ಸೀಸದ ಲವಣ ಬೆರೆಸುವ ರೂಢಿ ಇತ್ತು. ಇದನ್ನು ತಡೆಯಲು ಕೇಂದ್ರದ ಪರಿಸರ ಮಂತ್ರಾಲಯ 2021ರಲ್ಲಿ ನಿಯಮ ಹೊರಡಿಸಿತು. ಕುಡಿಯುವ ನೀರಿಗೆ ಪೈಪು ಕೊಳ್ಳುವಾಗ ಬೆಲೆ ಕೇಳುವ ಮೊದಲು, “ಇದರಾಗ ಸೀಸ ಐತೇನ್ರಿ?” ಎಂದು ಅಂಗಡಿಯವರನ್ನು ಕೇಳಿ. ಪೈಪಿನ ಮೇಲಿನ ಅಚ್ಚನ್ನೂ ಓದಿ ನೋಡಿ. ಪೈಪು ಒಮ್ಮೆ ಗೋಡೆಯೊಳಗೆ ಹೋದರೆ ಮೊಮ್ಮಕ್ಕಳ ಕಾಲದ ತನಕ ಅಲ್ಲೇ ಇರುತ್ತದೆ.